ಬಿಡುವಿನ ಹೊತ್ತಿಗೇ ಮೀಟಿಂಗ್ ಯಾಕೆ?

ಕೆಲಸದ ನಡುವಿನ ಬಿಡುವಲ್ಲಿ ಒಬ್ಬನೇ ನದಿಗಿಳಿದು ಸ್ವಲ್ಪ ಹೊತ್ತು ಹುಟ್ಟು ಹಾಕಿ ಬರೋದು ನನಗೆ ಊಟಕ್ಕಿಂತ ಮುಖ್ಯ. ಸರಿಯಾಗಿ ಅದೇ ಹೊತ್ತಿಗೆ ‘ಐದೇ ನಿಮಿಷದ ಮಾತು’ ಅಂತ ಮೀಟಿಂಗ್ ತುರುಕ್ತಾರೆ! ಕಯಾಕ್, ಅಂದ್ರೆ ನಾನು ಹುಟ್ಟು ಹಾಕೋ ಪುಟ್ಟ ದೋಣಿ, ಕೀಲಿ ತಿರುಗಿಸಿ ಹೊರಡೋ ಬೈಕ್ ಅಲ್ಲ. ಗಾಡಿ ಮೇಲಿಂದ ಇಳಿಸಬೇಕು, ದಡದ ತನಕ ಹೊರಬೇಕು, ಲೈಫ್ ಜಾಕೆಟ್ ಪಟ್ಟಿಗಳನ್ನೆಲ್ಲ ಬಿಗಿಯಬೇಕು; ಒಬ್ಬನೇ ಹೋಗುವಾಗ ಅದರಲ್ಲಿ ರಾಜಿಯಿಲ್ಲ. ಸುಸ್ತಾದಾಗ ನೀರೇ ವಾಪಸ್ ತರಲಿ ಅಂತ ಮೊದಲು ಹರಿವಿಗೆ ಎದುರಾಗಿ ಹೋಗ್ತೀನಿ. ಅಷ್ಟರಲ್ಲೇ ನೀರು ಹೋಗದ ಚೀಲದೊಳಗೆ ಫೋನ್ ಗುಂಯ್‌ಗುಡುತ್ತೆ. ಒದ್ದೆ ಕೈಯಲ್ಲಿ ಚೀಲದ ಬಾಯಿಯ ಸುರುಳಿ ಬಿಚ್ಚೋಷ್ಟರಲ್ಲಿ ದೋಣಿಯ ಮೂತಿ ಅಡ್ಡ ತಿರುಗಿ, ಕಷ್ಟಪಟ್ಟು ಏರಿದ ದೂರವೆಲ್ಲ ನೀರುಪಾಲು. ವಿಷಯ? ನಾಲ್ಕು ಗಂಟೆಗೆ ಹೇಳಿದ್ರೂ ನಡೀತಿತ್ತು. ಬಿಡುವು ಅಂತ ಕ್ಯಾಲೆಂಡರಿನಲ್ಲಿ ಹಾಕಿದ್ದೀನಲ್ಲ, ನೋಡೋಕೇನು ಕಷ್ಟ?