ಸುಸ್ತಿಗೊಂದು ಹೆಸರು

ನಮ್ಮ ಟೀಮಿನ ಒಬ್ಬ ಹುಡುಗಿ ಚೀನಾದ ಶೆನ್‌ಜೆನ್‌ನಲ್ಲಿದಾಳೆ. ಹೋದ ತಿಂಗಳು ಒಂದು ಕಾಲ್ ಮುಗಿಯೋ ಹೊತ್ತಿಗೆ ನಮಗೆ ರಾತ್ರಿ ಎಂಟು, ಅವಳಿಗೆ ಹತ್ತೂವರೆ. ಇನ್ನೂ ಆಫೀಸಲ್ಲೇ ಇದೀಯಾ ಅಂತ ಕೇಳ್ದೆ. "ನೇಜ್ವೆನ್" ಅಂದ್ಲು, ಅಷ್ಟೇ.

ಹಂಗಂದ್ರೇನು ಅಂದೆ. ನೇ ಅಂದ್ರೆ ಒಳಗೆ, ಜ್ವೆನ್ ಅಂದ್ರೆ ಸುತ್ತಿಕೊಳ್ಳೋದು, ಸ್ಪ್ರಿಂಗ್ ರೋಲಿಗೂ ಗುಂಗುರು ಕೂದಲಿಗೂ ಅವರಲ್ಲಿ ಇದೇ ಜ್ವೆನ್ ಅಂತೆ. ಥಿಯೇಟರಲ್ಲಿ ಮುಂದಿನ ಸಾಲಿನೋನು ಎದ್ದು ನಿಂತ ಅಂತ ಹಿಂದಿನೋರು, ಅವರ ಹಿಂದಿನೋರು, ಹಿಂಗೇ ಎಲ್ರೂ ಎದ್ದು ನಿಂತ್ರೆ ಸಿನಿಮಾ ಮೊದಲು ಕಾಣ್ತಿದ್ದಷ್ಟೇ ಕಾಣತ್ತೆ, ಕಾಲುನೋವು ಮಾತ್ರ ಎಲ್ರಿಗೂ, ಅದೇ ನೇಜ್ವೆನ್ ಅಂದ್ಲು.

ಮೊದಲು ಇದು ಪ್ರೊಫೆಸರ್‌ಗಳ ಪದ. ಅದೇ ಗದ್ದೆಗೆ ಇನ್ನಷ್ಟು ಜನ ಇಳಿದು ಇನ್ನಷ್ಟು ದುಡಿದ್ರೂ ಒಬ್ಬೊಬ್ಬರ ಪಾಲಿಗೆ ಬರೋದು ಹೆಚ್ಚಲ್ಲ ಅನ್ನೋದನ್ನ ಹೇಳೋಕೆ ಬಳಸ್ತಿದ್ರು. 2020ರಲ್ಲಿ ಬೀಜಿಂಗಿನ ಚಿಂಗ್‌ಹ್ವಾ ಯೂನಿವರ್ಸಿಟಿ ಹುಡುಗನೊಬ್ಬ ಸೈಕಲ್ ತುಳೀತಾನೇ ಲ್ಯಾಪ್‌ಟಾಪ್ ತೆರೆದಿಟ್ಕೊಂಡಿದ್ದು ವೈರಲ್ ಆಯ್ತು, ಆಮೇಲೆ ಈ ಪದ ಎಲ್ಲರ ಬಾಯಲ್ಲೂ. ಹಗಲೂ ರಾತ್ರಿ ಓದೋ ರೂಮ್‌ಮೇಟು 'ಜ್ವೆನ್ ರಾಜ' ಆದ. 2021ರಲ್ಲಿ 'ಥಾಂಗ್‌ಪಿಂಗ್' ಬಂತು, ಅಂದ್ರೆ ಮೈಚಾಚಿ ಮಲ್ಕೊಂಡ್ಬಿಡೋದು, ಈ ಓಟಾನೇ ಬೇಡ ಅನ್ನೋದು. ನಾಚಿಕೆಗೇಡು ಅಂತ ಸರ್ಕಾರಿ ಪತ್ರಿಕೇಲಿ ಬೈದ್ರು. ಆದ್ರೆ 2024ರ ಜುಲೈನಲ್ಲಿ ಚೀನಾ ಆಳೋ ಕಮ್ಯುನಿಸ್ಟ್ ಪಕ್ಷದ ದೊಡ್ಡ ನಾಯಕರ ಗುಂಪಾದ ಪಾಲಿಟ್‌ಬ್ಯೂರೋನೇ ಕಂಪನಿಗಳ ನಡುವಿನ 'ನೇಜ್ವೆನ್' ಪೈಪೋಟಿ ತಡೀಬೇಕು ಅಂತು! ಹಾಸ್ಟೆಲ್ ಹುಡುಗರ ಮಾತು ಅಲ್ಲೀವರೆಗೂ ಹೋಯ್ತು ನೋಡಿ.

ನನಗೆ ಮುಖ್ಯ ಅನ್ಸೋದು ಇಷ್ಟು. ಹೆಸರಿಲ್ಲದಿದ್ದಾಗ ಒಬ್ಬೊಬ್ರೂ 'ನನ್ನ ಕೈಲಿ ಆಗ್ತಿಲ್ಲ, ನಾನೇ ಸರಿ ಇಲ್ಲ' ಅಂತ ಒಳಗೊಳಗೇ ಕೊರಗ್ತಾರೆ. ಎರಡಕ್ಷರದ ಪದ ಸಿಕ್ಕಿದ್ರೆ ಮನೇಲಿ ಅಪ್ಪ ಅಮ್ಮನ ಎದುರೂ ಹೇಳಬಹುದು, ಅದೂ ಅವರಿಗೆ ಗೊತ್ತಿರೋ 'ಒಳಗೆ', 'ಸುತ್ತು' ಅನ್ನೋ ಮಾತುಗಳಿಂದಾನೇ ಆಗಿರೋದ್ರಿಂದ ಅವರಿಗೂ ನಾಟತ್ತೆ. ಪದದಿಂದ ಕೆಲಸ ಕಮ್ಮಿ ಆಗಲ್ಲ ಅನ್ನೋದು ನಿಜ, ಆವತ್ತು ಅವಳು ಮನೆ ಸೇರಿದಾಗ ಹನ್ನೊಂದೂವರೆ ದಾಟಿತ್ತು.

ನಮ್ಮಲ್ಲಿ ಬರ್ನೌಟ್ ಅಂತೀವಿ, ನಮ್ಮಮ್ಮಂಗೆ ಅದು ಏನೂ ಹೇಳಲ್ಲ. "ಎಷ್ಟೂಂತ ಏಗ್ತೀಯೋ ಮಗಾ" ಅಂತಾರೆ ಅಮ್ಮ, ಅದರಲ್ಲಿ ಎಲ್ಲಾ ಇದೆ ಅನ್ಸತ್ತೆ, ಆದ್ರೆ ಪಕ್ಕದೋನು ಎದ್ದು ನಿಂತ ಅಂತ ನಾನೂ ನಿಂತಿದೀನಿ ಅನ್ನೋದು ಇಲ್ಲ. ಗಾಣದೆತ್ತು ಅನ್ನೋಣ ಅಂದ್ರೆ ಅದು ಒಂಟಿಯಾಗೇ ಸುತ್ತತ್ತೆ. ನಿಮ್ಮ ಕಡೆ ಇದಕ್ಕೆ ಏನಂತಾರೆ? ಹಳ್ಳಿ ಮಾತಾದ್ರೂ ಸರಿ, ಹೇಳಿ, ನನಗೆ ನಿಜವಾಗ್ಲೂ ಬೇಕು.