ಎಷ್ಟು ಬಾಟಲ್ ಹಾಕಿದ್ರು?

ಹೋದ ತಿಂಗಳು ಒಂದು ಗೃಹಪ್ರವೇಶಕ್ಕೆ ಹೋಗಿ ಉಂಡು ಬಂದೆ. ಮಾರನೇ ದಿನ ಹೊಟ್ಟೆ ಕೆಟ್ಟಿತು. ಬೆಳಿಗ್ಗೆಯಿಂದ ಏಳು ಸಲ ಹಿತ್ತಲಿಗೆ ಓಡಿ, ಎಂಟನೇ ಸಲ ಡಾಕ್ಟರ ಹತ್ತಿರ ಓಡಿದೆ. ನಮ್ಮೂರಿಗೆ ಹೊಸದಾಗಿ ಬಂದ ಹುಡುಗ ಡಾಕ್ಟರು. ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು, ಚರ್ಮ ಚಿವುಟಿ ಬಿಟ್ಟು ನೋಡಿದರು. ಆಮೇಲೆ ಓಆರ್‌ಎಸ್ ಅನ್ನುವ ಉಪ್ಪು-ಗ್ಲೂಕೋಸಿನ ಪುಡಿ ಬರೆದುಕೊಟ್ಟು, "ಒಂದು ಲೀಟರ್ ನೀರಿಗೆ ಪೂರ್ತಿ ಪ್ಯಾಕೆಟ್ ಹಾಕಿ, ಗುಟುಕು ಗುಟುಕು ಕುಡೀತಾ ಇರಿ. ಗಂಜಿ ಉಣ್ಣಿ. ಎರಡು ದಿನಕ್ಕೆ ಸರಿಹೋಗುತ್ತೆ" ಎಂದರು.

ಅಷ್ಟೇ. ಸೂಜಿ ಇಲ್ಲ, ಗ್ಲೂಕೋಸ್ ಬಾಟಲ್ ಇಲ್ಲ.

ಮನೆಗೆ ಬಂದರೆ ಅಮ್ಮ ಮಾತಾಡುವುದಕ್ಕೆ ಮುಂಚೆ ನನ್ನ ಎರಡೂ ಮುಂಗೈ ಹಿಡಿದು ತಿರುಗಿಸಿ ನೋಡಿದಳು. ಹತ್ತಿ ಇಲ್ಲ, ಪ್ಲಾಸ್ಟರೂ ಇಲ್ಲ.

"ಏನ್ ಮಾಡಿದ್ರು?"

"ನೀರು ಕುಡಿ ಅಂದ್ರು."

"ನೀರು ಕುಡಿ ಅನ್ನೋಕೆ ಇನ್ನೂರು ರೂಪಾಯಿನಾ? ನಾನೇ ಹೇಳ್ತಿರಲಿಲ್ವಾ?"

ಸಂಜೆಯ ಹೊತ್ತಿಗೆ ಸುದ್ದಿ ನೆಂಟರಿಗೆಲ್ಲ ಹಬ್ಬಿತು. ಚಿಕ್ಕಪ್ಪ ಫೋನ್ ಮಾಡಿದರು. ಹೇಗಿದ್ದೀಯ, ಏನು ತಿಂದೆ, ಜ್ವರ ಇದೆಯಾ, ಇದು ಯಾವುದೂ ಕೇಳಲಿಲ್ಲ. ಕೇಳಿದ್ದು ಒಂದೇ: "ಎಷ್ಟು ಬಾಟಲ್ ಹಾಕಿದ್ರು?"

ಜ್ವರ ಅಳೆಯೋಕೆ ಡಿಗ್ರಿ ಇದೆ, ಬಿಪಿಗೆ ಪಾಯಿಂಟ್ ಇದೆ. ಸುಸ್ತು ಅಳೆಯೋಕೆ ನಮ್ಮ ಜನ ಕಂಡುಹಿಡಿದಿದ್ದು ಬಾಟಲ್. ಒಂದು ಬಾಟಲ್ ಅಂದರೆ "ಪರವಾಗಿಲ್ಲ ಬಿಡು". ಎರಡು ಬಾಟಲ್ ಆದರೆ ನೆಂಟರು ಬ್ರೆಡ್ಡು, ಮೂಸಂಬಿ ಹಿಡಿದು ಬರುತ್ತಾರೆ. ನಾಲ್ಕು ದಾಟಿದರೆ ಆರು ವರ್ಷದಿಂದ ಮಾತು ಬಿಟ್ಟಿದ್ದ ದಾಯಾದಿಯೂ ಬಾಗಿಲಲ್ಲಿ ನಿಂತು ಕೆಮ್ಮುತ್ತಾನೆ. ನಂದು ಸೊನ್ನೆ ಬಾಟಲ್. ಅಂದರೆ ನನಗೆ ಕಾಯಿಲೆಯೇ ಬಂದಿಲ್ಲ. ಆಫೀಸಿಗೆ ಹೋಗದೆ ಇರೋಕೆ ಸುಮ್ನೆ ನಾಟಕ.

ಆ ಬಾಟಲಿನಲ್ಲಿ ಇರುವುದು ಏನು ಅಂತ ಒಂದು ದಿನ ಲೇಬಲ್ ಓದಿದೆ. ಅರ್ಧ ಲೀಟರ್ ನೀರು, ಅದರಲ್ಲಿ ಶೇಕಡ 5 ಗ್ಲೂಕೋಸ್. ಅಂದರೆ 25 ಗ್ರಾಂ, ಐದಾರು ಚಮಚ ಸಕ್ಕರೆ ಅಂದುಕೊಳ್ಳಿ. ನಮ್ಮತ್ತೆ ಎರಡು ಲೋಟ ಕಾಫಿಗೆ ಹಾಕುವಷ್ಟು. ಒಂದು ಬಾಳೆಹಣ್ಣು ತಿಂದರೂ ಹೆಚ್ಚುಕಮ್ಮಿ ಅಷ್ಟೇ ಶಕ್ತಿ. ಆದರೆ ಬಾಳೆಹಣ್ಣನ್ನು ಯಾರೂ ಕಬ್ಬಿಣದ ಕಂಬಕ್ಕೆ ನೇತುಹಾಕಿ, ಹನಿ ಹನಿಯಾಗಿ ಇಳಿಸುವುದಿಲ್ಲವಲ್ಲ. ಶಕ್ತಿ ಇರುವುದು ಆ ಕಂಬದಲ್ಲಿ.

ವಾಂತಿ ನಿಲ್ಲದೆ ಗುಟುಕು ನೀರೂ ಒಳಗೆ ನಿಲ್ಲದವರಿಗೆ, ಪೂರ್ತಿ ಬಸವಳಿದವರಿಗೆ ಸಲೈನ್, ಅಂದರೆ ಉಪ್ಪುನೀರಿನ ಬಾಟಲ್ ಜೀವ ಉಳಿಸುತ್ತದೆ, ಅದು ಬೇರೆ ಮಾತು. ನಾನು ಹೇಳುತ್ತಿರುವುದು ಬೈಕಿನಲ್ಲಿ ಬಂದು, ಬೈಕ್ ಲಾಕ್ ಮಾಡಿ, "ಒಂದು ಗ್ಲೂಕೋಸ್ ಹಾಕಿ ಸಾರ್" ಅನ್ನುವವರ ವಿಷಯ.

ಇಂಥವರಿಗೆ ಬಸ್‌ಸ್ಟ್ಯಾಂಡ್ ಹತ್ತಿರ ಇನ್ನೊಬ್ಬ ಡಾಕ್ಟರು ಇದ್ದಾರೆ. ಅವರಲ್ಲಿ ಎರಡು ಬಣ್ಣ ಸಿಗುತ್ತದೆ. ಬಿಳಿ ಬಾಟಲ್ ಸಾಮಾನ್ಯ. ಅದಕ್ಕೇ ಒಂದು ಚೂರು ವಿಟಮಿನ್ ಸೇರಿಸಿದರೆ ಹಳದಿ ಬಾಟಲ್. ಅದು ಸ್ಪೆಷಲ್, ರೇಟೂ ಜಾಸ್ತಿ. ದೇಹಕ್ಕೆ ಬೇಡವಾದ ವಿಟಮಿನ್ನು ಮೂತ್ರದಲ್ಲಿ ಹೋಗಿಬಿಡುತ್ತದೆ. ಅದನ್ನು ನೋಡಿದವರು "ಎಷ್ಟು ಹಳದಿ ನೋಡಿ, ಕಾಯಿಲೆ ಎಲ್ಲ ಹೊರಗೆ ಬಂತು" ಅನ್ನುತ್ತಾರೆ. ಕೊಟ್ಟ ದುಡ್ಡಿಗೆ ಹಳದಿ ರಸೀದಿ ಬೇರೆ ಎಲ್ಲಿ ಸಿಗುತ್ತೆ ಹೇಳಿ.

1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರಲ್ಲಿ ಕಾಲರಾ ಹಬ್ಬಿತ್ತು. ಸಲೈನ್ ಮುಗಿಯುತ್ತಾ ಬಂದಿತ್ತು. ದಿಲೀಪ್ ಮಹಲನಬೀಸ್ ಅನ್ನುವ ಡಾಕ್ಟರು ಉಪ್ಪು, ಗ್ಲೂಕೋಸ್, ಸೋಡಾ ಲೆಕ್ಕಹಾಕಿ ಡ್ರಮ್ಮುಗಟ್ಟಲೆ ನೀರಿನಲ್ಲಿ ಕದಡಿಸಿ, ಕುಡಿಸಿ ಅಂದರು. ನನಗೆ ಬರೆದುಕೊಟ್ಟ ಓಆರ್‌ಎಸ್ ಕೂಡ ಇಂಥದ್ದೇ ನೀರು. ಕುಡಿಸಿದ್ದು ನರ್ಸುಗಳಿಗಿಂತ ಹೆಚ್ಚಾಗಿ ರೋಗಿಗಳ ಮನೆಯವರೇ. ನೂರಕ್ಕೆ ಸುಮಾರು 30 ಇದ್ದ ಸಾವು ನಾಲ್ಕರ ಒಳಕ್ಕೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು. ಕಾಲರಾಕ್ಕೆ ಸಾಕಾದ ನೀರು ನಮ್ಮ ಗೃಹಪ್ರವೇಶದ ಪಲಾವಿಗೆ ಸಾಲುವುದಿಲ್ಲ. ಪುಣ್ಯಾತ್ಮ ಅದನ್ನು ಕಂಬಕ್ಕಾದರೂ ನೇತುಹಾಕಬೇಕಿತ್ತು.

ಹಳ್ಳಿ ಜನ, ತಿಳಿವಳಿಕೆ ಇಲ್ಲ ಅಂತ ನಗುವವರು ಬೆಂಗಳೂರಿನಲ್ಲಿದ್ದಾರೆ. ನನ್ನ ಭಾವಮೈದುನ ಅವರಲ್ಲೊಬ್ಬ. "ಗ್ಲೂಕೋಸಾ? ಭಾವ, ಯಾವ ಕಾಲದಲ್ಲಿದ್ದೀರಿ?" ಎಂದ. ಅವನು ಮದುವೆಗೆ ಮುಂಚೆ ಮುಖ ಬೆಳ್ಳಗಾಗಲಿ ಅಂತ ಎಸಿ ರೂಮಿನ ಸೋಫಾದಲ್ಲಿ ಒರಗಿ ಗ್ಲುಟಾಥಯೋನ್ ಡ್ರಿಪ್ ಹಾಕಿಸಿಕೊಂಡವನು. ಸಾವಿರಾರು ರೂಪಾಯಿ ಕೊಟ್ಟು, ಐದು ವಾರ. ಮದುವೆ ಫೋಟೋದಲ್ಲಿ ಅವನು ಎಂದಿನ ಬಣ್ಣದಲ್ಲೇ ಇದ್ದಾನೆ. ಮಂಟಪದ ಲೈಟು ಸರಿ ಇರಲಿಲ್ಲವಂತೆ.

ಇನ್ನು ನನ್ನ ಕಥೆ. ಓಆರ್‌ಎಸ್ ಕುಡಿದು ಎರಡನೇ ದಿನಕ್ಕೆ ನಾನು ಮುಕ್ಕಾಲು ಪಾಲು ಸುಧಾರಿಸಿದ್ದೆ. ಆದರೆ ಮನೆಯ ಮಾನ ಸುಧಾರಿಸಿರಲಿಲ್ಲ. ಬೀಗರ ಮನೆಯಿಂದ ನೋಡೋಕೆ ಬರುತ್ತಾರೆ ಅಂತ ಫೋನ್ ಬಂತು. ಅಮ್ಮ, ಹೆಂಡತಿ ಇಬ್ಬರೂ ಸೇರಿ ನನ್ನನ್ನು ಆಟೋ ಹತ್ತಿಸಿದರು. ಬಸ್‌ಸ್ಟ್ಯಾಂಡ್ ಡಾಕ್ಟರು ಕಾಯಿಲೆ ಏನು ಅಂತ ಕೇಳಲಿಲ್ಲ. "ಬಿಳೀದಾ, ಹಳದೀದಾ?" ಅಂದರು. ಬೀಗರು ಬರ್ತಾರೆ ಅಂತ ಅಮ್ಮ ಹಳದಿ ಹೇಳಿದಳು.

ಒಳಗೆ ಇದ್ದಿದ್ದು ಎರಡೇ ಮಂಚ. ಪಕ್ಕದ್ದರಲ್ಲಿ ಪರಿಚಯದ ಮುಖ. ಕ್ಲಿನಿಕ್ ಗೇಟಿನ ಮುಂದೆ ಗಾಡಿ ನಿಲ್ಲಿಸಿಕೊಂಡು ಎಳನೀರು ಮಾರುವವನು. ಅವನ ಕೈಗೂ ಬಾಟಲ್.

"ಏನಪ್ಪಾ, ಏನಾಯ್ತು?"

"ಬಿಸಿಲಿಗೆ ಸುಸ್ತು ಸಾರ್. ಭೇದಿ ಬೇರೆ."

"ಅಲ್ಲಾ, ಗಾಡಿ ತುಂಬಾ ಎಳನೀರು ಇದೆಯಲ್ಲೋ!"

ಅವನು ನನ್ನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿದ. "ಅದು ಪೇಷೆಂಟ್‌ಗಳಿಗೆ ಸಾರ್."