ಎಷ್ಟು ಜನ ಓಡಬೇಕು ಅನ್ನೋದನ್ನ ರಸ್ತೆ ಹೇಳಲಿ

ನಿನ್ನೆ ನಮ್ಮ ಬೆಟ್ಟದ ರಸ್ತೆ ಓಟದ ಕಮಿಟಿ ಮೀಟಿಂಗಲ್ಲಿ ಮತ್ತೆ ಅದೇ ಮಾತು ಬಂತು. "ಹೋದ ಸಲ ಮುನ್ನೂರು ಜನ ಓಡಿದರು, ರಿಜಿಸ್ಟ್ರೇಷನ್ ಎರಡೇ ದಿನಕ್ಕೆ ಭರ್ತಿ ಆಯ್ತು, ಈ ಸಲ ಸಾವಿರ ಮಾಡೋಣ." ಹೇಳಿದವನು ನನ್ನ ಒಳ್ಳೆಯ ಗೆಳೆಯ. ಹೋದ ಸಲದ ಫೋಟೋಗಳನ್ನು ತೆಗೆದವನೂ ಅವನೇ. ಮಂಜು, ಬೆಟ್ಟ, ಸುತ್ತಿ ಸುತ್ತಿ ಹತ್ತುವ ರಸ್ತೆ, ಅದರ ಮೇಲೆ ಬಣ್ಣ ಬಣ್ಣದ ಟೀಶರ್ಟುಗಳ ಸಾಲು. ಆ ಫೋಟೋ ನೋಡಿದವರೆಲ್ಲ ನಮಗೂ ಒಂದು ಬಿಬ್ (ಓಟಗಾರರು ಎದೆಗೆ ಹಾಕಿಕೊಳ್ಳುವ ನಂಬರ್ ಚೀಟಿ) ಕೊಡಿ ಅಂತ ಕೇಳುತ್ತಿದ್ದಾರೆ. ನಾನು ಮಾತ್ರ ಬೇಡ ಅಂದೆ. ಯಾಕೆ ಅಂತ ಸರಿಯಾಗಿ ಹೇಳೋಕೆ ಆಗಲಿಲ್ಲ, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಬಯಲಿನಲ್ಲಿ ಒಂದು ರಸ್ತೆ ಮುಚ್ಚಿದರೆ ಜನ ಬೈದುಕೊಂಡು ಪಕ್ಕದ ರಸ್ತೆಯಲ್ಲಿ ಹೋಗುತ್ತಾರೆ. ಬೆಟ್ಟದಲ್ಲಿ ಪಕ್ಕದ ರಸ್ತೆ ಅಂತ ಇರೋದೇ ಇಲ್ಲ. ಇರೋದು ಒಂದು, ಅದರ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಹಾಲಿನ ಗಾಡಿಯೂ ಅದರಲ್ಲೇ ಬರಬೇಕು, ಹೆರಿಗೆಗೆ ಹೊರಟವರೂ ಅದರಲ್ಲೇ ಇಳಿಯಬೇಕು. ನಮ್ಮ ಓಟವೂ ಅದರಲ್ಲೇ. ನಮ್ಮದು 10 ಕಿಲೋಮೀಟರ್, ಐದು ಹತ್ತೋದು, ಅಲ್ಲಿಂದ ತಿರುಗಿ ಐದು ಇಳಿಯೋದು. ರಸ್ತೆಯ ಅರ್ಧಕ್ಕೆ ಕೋನ್ ಇಟ್ಟು ಓಟಗಾರರಿಗೆ, ಇನ್ನರ್ಧ ವಾಹನಗಳಿಗೆ. ಅಂದರೆ ಆ ಅರ್ಧ ರಸ್ತೆಯಲ್ಲೇ ಮೇಲಿಂದ ಜೋರಾಗಿ ಇಳಿದು ಬರುವವರೂ ಇರುತ್ತಾರೆ, ಎದುರಿಗೆ ಏದುಸಿರು ಬಿಡುತ್ತಾ ಹತ್ತುವವರೂ ಇರುತ್ತಾರೆ. ಮುನ್ನೂರು ಜನ ಇದ್ದಾಗಲೇ ತಿರುವುಗಳಲ್ಲಿ ಭುಜಕ್ಕೆ ಭುಜ ತಾಗುತ್ತಿತ್ತು.

ಈಗ ಹೋದ ಸಲ ಆದದ್ದನ್ನು ಹೇಳುತ್ತೇನೆ. ಅವತ್ತು ಇದ್ದವರಲ್ಲೂ ತುಂಬಾ ಜನಕ್ಕೆ ಇದು ಗೊತ್ತಿಲ್ಲ.

ಏಳನೇ ಕಿಲೋಮೀಟರಿನ ಹತ್ತಿರ ಒಬ್ಬರು ಕುಸಿದು ಕೂತರು. ಅದು ಹೇರ್‌ಪಿನ್ ತಿರುವು, ಇಡೀ ದಾರಿಯಲ್ಲಿ ನೋಟ ಚೆನ್ನಾಗಿರುವ ಜಾಗ. ಹಾಗಾಗಿ ನೋಡೋಕೆ ಬಂದವರು ಕಾರು ನಿಲ್ಲಿಸಿದ್ದೂ ಅಲ್ಲೇ. ಆಂಬುಲೆನ್ಸ್ ಇದ್ದದ್ದು ಕೆಳಗೆ ಫಿನಿಶ್ ಲೈನ್ ಹತ್ತಿರ. ತಿರುವಿನಲ್ಲಿದ್ದ ವಾಲಂಟಿಯರ್ ಹುಡುಗಿ ವಾಕಿಟಾಕಿಯಲ್ಲಿ ಕೂಗಿದ್ದಳಂತೆ, ನಮಗೆ ಕೇಳಿಸಿದ್ದು ಬರೀ ಕರಕರ. ಮಧ್ಯೆ ಗುಡ್ಡ ಅಡ್ಡ ಇತ್ತು. ಕೊನೆಗೆ ಇನ್ನೊಬ್ಬ ಬೈಕಲ್ಲಿ ಬಂದು ಹೇಳಿದ. ನಾನು ಆಂಬುಲೆನ್ಸಿನ ಮುಂದಿನ ಸೀಟಿಗೆ ಹತ್ತಿದೆ. ಮುಂದೆ ಜನ, ಪಕ್ಕದಲ್ಲಿ ಕಾರು, ಎದುರಿಗೆ ಇನ್ನೊಂದು ವ್ಯಾನು. ಡ್ರೈವರ್ ಸೈರನ್ ಹಾಕಿದರೂ ಇಯರ್‌ಫೋನ್ ಹಾಕಿಕೊಂಡಿದ್ದವರು ಅಲುಗಲಿಲ್ಲ. ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲು ಬಡಿಯುತ್ತಾ ಹೋದೆವು. ಮೂರು ಕಿಲೋಮೀಟರಿಗೆ ಹದಿನಾಲ್ಕು ನಿಮಿಷ.

ಅವರಿಗೆ ಏನೂ ಆಗಲಿಲ್ಲ, ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದರು, ಅರ್ಧ ಗಂಟೆಯಲ್ಲಿ ಎದ್ದು ನಡೆದರು, ಮೆಡಲ್ ಕೂಡ ಕೇಳಿ ಇಸ್ಕೊಂಡರು. ಆದರೆ ಅದು ಹೃದಯ ನಿಂತ ಕೇಸಾಗಿದ್ದರೆ? ಎದೆ ಒತ್ತದೆ, ಶಾಕ್ ಕೊಡದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಹದಿನಾಲ್ಕು ನಿಮಿಷದ ಲೆಕ್ಕ ನೀವೇ ಹಾಕಿ. ತಪ್ಪು ಪೂರ್ತಿ ನಮ್ಮದೇ. ಆಂಬುಲೆನ್ಸನ್ನು ಫಿನಿಶ್ ಹತ್ತಿರ ನಿಲ್ಲಿಸಿದ್ದು ನಾನೇ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ಜನಕ್ಕೂ ಧೈರ್ಯ ಅಂತ. ದಡ್ಡತನ.

ಬಿಸಿಲೇ ಇಲ್ಲದ ತಂಪು ಬೆಟ್ಟದಲ್ಲಿ ಯಾರಿಗೆ ಏನಾಗುತ್ತೆ ಅಂತ ಕೇಳುವವರೂ ಇದ್ದಾರೆ. ಏರಿನಲ್ಲಿ ಜೋರಾಗಿ ಓಡುವವನ ಮೈ ಒಳಗಿನಿಂದಲೇ ಕಾಯುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಬೆವರು ಆರುವುದಿಲ್ಲ. ಮಂಜು ಮುಸುಕಿದ ದಿನವೂ ಹೀಟ್ ಸ್ಟ್ರೋಕ್ ಆಗಬಹುದು. ಆದಾಗ ಮೊದಲು ಆಸ್ಪತ್ರೆಗೆ ಓಡಿಸೋದಲ್ಲ, ಮೊದಲು ಅಲ್ಲೇ ಮೈ ತಣ್ಣಗೆ ಮಾಡೋದು, ಆಮೇಲೆ ಸಾಗಿಸೋದು. ಅದಕ್ಕೆ ಮನುಷ್ಯ ಕೂರುವಷ್ಟು ದೊಡ್ಡ ಟಬ್ಬು, ಐಸು, ನೀರು, ಗೊತ್ತಿರುವ ಇಬ್ಬರು ಬೇಕು, ಅದೂ ದಾರಿಯ ಮಧ್ಯದಲ್ಲಿ. ನೀರು ಕುಡಿಸುವುದರಲ್ಲೂ ಅಷ್ಟೆ. ಕುಡಿದಷ್ಟೂ ಒಳ್ಳೆಯದು ಅಂತ ನಮ್ಮ ಹುಡುಗರು ಕಪ್ಪು ಹಿಡಿದು ಹಿಂದೆ ಹಿಂದೆ ಓಡುತ್ತಿದ್ದರು. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ 488 ಜನರ ರಕ್ತ ಪರೀಕ್ಷೆ ಮಾಡಿದಾಗ ಶೇಕಡಾ 13 ಜನಕ್ಕೆ ಸೋಡಿಯಂ, ಅಂದರೆ ರಕ್ತದ ಉಪ್ಪಿನಂಶ, ಕಮ್ಮಿಯಾಗಿತ್ತು, ಮುಖ್ಯವಾಗಿ ನೀರು ಜಾಸ್ತಿ ಕುಡಿದದ್ದರಿಂದ. ಬಾಯಾರಿದವರು ಕೇಳಲಿ, ಕೊಡೋಣ. ಹೆಚ್ಚಿಗೆ ಕೊಟ್ಟ ಕಪ್ಪುಗಳೆಲ್ಲ ಹೋಗೋದು ತಡೆಗೋಡೆ ಆಚೆ ಕಣಿವೆಗೆ. ಒಮ್ಮೆ ಹೋದ ಕಪ್ಪನ್ನು ಹಗ್ಗ ಕಟ್ಟಿಕೊಂಡು ಇಳಿದೇ ತರಬೇಕು. ತಂದಿದ್ದೇವೆ ಕೂಡ, ನಲವತ್ತೊಂದು ಕಪ್ಪು, ಎಣಿಸಿದ್ದೇನೆ.

ಗೆಳೆಯನ ಇನ್ನೊಂದು ಐಡಿಯಾ ಕೇಳಿ. ಹತ್ತಿ ಇಳಿಯೋದು ಬೇಡ, ಎಲ್ಲರನ್ನೂ ಬಸ್ಸಲ್ಲಿ ಮೇಲಕ್ಕೆ ಒಯ್ದು, ಮೇಲಿಂದ ಕೆಳಕ್ಕೆ ಹತ್ತು ಕಿಲೋಮೀಟರ್ ಓಡಿಸೋಣ, ಎದುರುಬದುರು ತೊಂದರೆ ಇರಲ್ಲ, ಟೈಮಿಂಗೂ ಸೂಪರ್ ಬರುತ್ತೆ ಅಂತ. ಸಾವಿರ ಜನಕ್ಕೆ ಬಸ್ಸಿಗೆ ಐವತ್ತರಂತೆ ಇಪ್ಪತ್ತು ಬಸ್ಸು. ಅಷ್ಟು ಬಸ್ಸು ಅದೇ ರಸ್ತೆಯಲ್ಲಿ ಹತ್ತಿ, ಓಟ ಶುರುವಾಗುವ ಮೊದಲು ಅದೇ ರಸ್ತೆಯಲ್ಲಿ ಇಳಿಯಬೇಕು. ಮೇಲೆ ಬಸ್ಸು ತಿರುಗಿಸೋ ಜಾಗ ಎಲ್ಲಿದೆ? ಇನ್ನು ಟೈಮಿಂಗ್ ವಿಷಯ. ದಾಖಲೆ ಅಂತ ಒಪ್ಪಬೇಕಾದರೆ ಸ್ಟಾರ್ಟಿನಿಂದ ಫಿನಿಶ್‌ಗೆ ಒಟ್ಟು ಇಳಿತ ಕಿಲೋಮೀಟರಿಗೆ ಸರಾಸರಿ ಒಂದು ಮೀಟರ್ ದಾಟಬಾರದು, ಸ್ಟಾರ್ಟು ಫಿನಿಶ್ ನಡುವಿನ ನೇರ ದೂರ ಓಟದ ಉದ್ದದ ಅರ್ಧಕ್ಕಿಂತ ಜಾಸ್ತಿ ಇರಬಾರದು. 2011ರಲ್ಲಿ ಕೆನ್ಯಾದ ಓಟಗಾರ ಜೆಫ್ರಿ ಮುಟಾಯ್ ಮ್ಯಾರಥಾನನ್ನು ಬೋಸ್ಟನ್‌ನಲ್ಲಿ 2 ಗಂಟೆ 3 ನಿಮಿಷ 2 ಸೆಕೆಂಡಿಗೆ ಓಡಿದ. ಆಗಿನ ವಿಶ್ವದಾಖಲೆಗಿಂತ ಸುಮಾರು ಒಂದು ನಿಮಿಷ ಬೇಗ. ಆದರೂ ಅದನ್ನು ವಿಶ್ವದಾಖಲೆ ಅನ್ನಲಿಲ್ಲ, ಅಲ್ಲಿನ 42 ಕಿಲೋಮೀಟರ್ ದಾರಿ ಒಟ್ಟು ಸುಮಾರು 140 ಮೀಟರ್ ಇಳಿಯುತ್ತೆ, ಹೋಗೋದೂ ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ. ನಮ್ಮದು ಕಿಲೋಮೀಟರಿಗೆ ಐವತ್ತು ಮೀಟರ್ ಇಳಿಯುವ ರಸ್ತೆ! ಮಾರನೇ ದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯೋಕಾಗದ ಸಾವಿರ ಜನ ನಮ್ಮನ್ನ ಏನಂತ ನೆನೆಸಿಕೊಳ್ಳುತ್ತಾರೋ.

ಅಳತೆ ಅಂದಾಗ ನೆನಪಾಯಿತು. ಇಡೀ ಕೆಲಸದಲ್ಲಿ ನನಗೆ ಖುಷಿ ಕೊಟ್ಟಿದ್ದು ಅದೊಂದೇ. ದಾರಿ ಅಳೆಯೋದು ವಾಚಿನಿಂದ ಅಲ್ಲ, ಸೈಕಲ್ಲಿನಿಂದ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಅನ್ನೋ ಪುಟ್ಟ ಯಂತ್ರ ಹಾಕುತ್ತಾರೆ, ಚಕ್ರ ತಿರುಗಿದ ಹಾಗೆ ಅಂಕಿ ಏರುತ್ತದೆ. ಮೊದಲು ಸ್ಟೀಲ್ ಟೇಪು ಹಿಡಿದು ನೆಟ್ಟಗಿರುವ ಕನಿಷ್ಠ 300 ಮೀಟರ್ ಜಾಗ ಅಳೆದು, ಅದರ ಮೇಲೆ ನಾಲ್ಕು ಸಲ ಸೈಕಲ್ ಓಡಿಸಿ ಎಷ್ಟು ಅಂಕಿಗೆ ಎಷ್ಟು ದೂರ ಅಂತ ಲೆಕ್ಕ ಹಾಕಬೇಕು. ದಾರಿ ಅಳೆದಾದ ಮೇಲೆ ಮತ್ತೆ ನಾಲ್ಕು ಸಲ, ಯಾಕೆಂದರೆ ಬಿಸಿಲೇರಿದ ಹಾಗೆ ಟಯರ್ ಉಬ್ಬುತ್ತದೆ, ಲೆಕ್ಕ ಬದಲಾಗುತ್ತದೆ. ಕೊನೆಗೆ ಸಾವಿರಕ್ಕೆ ಒಂದರಂತೆ ಸೇರಿಸುತ್ತಾರೆ, ಹತ್ತು ಕಿಲೋಮೀಟರಿಗೆ ಹತ್ತು ಮೀಟರ್ ಜಾಸ್ತಿ, ಯಾವ ಕಾರಣಕ್ಕೂ ದಾರಿ ಕಮ್ಮಿ ಆಗಬಾರದು ಅಂತ. ಬೆಳಗಿನ ಐದೂವರೆಗೆ, ಮಂಜಿನಲ್ಲಿ, ತಲೆಗೆ ಟಾರ್ಚು ಕಟ್ಟಿಕೊಂಡು, ಹಿಂದೆ ಒಂದು ಕಾರು ಬ್ಲಿಂಕರ್ ಹಾಕಿಕೊಂಡು ಬರುತ್ತಿದ್ದರೆ, ಕೌಂಟರಿನ ಅಂಕಿ ನೋಡಿ ರಸ್ತೆ ಅಂಚಿನಲ್ಲಿ ಮೊಳೆ ಹೊಡೆದು ಬಣ್ಣ ಬಳಿಯೋ ಕೆಲಸ. ಬೆರಳೆಲ್ಲ ಮರಗಟ್ಟಿತ್ತು, ಆದರೂ ಚೆನ್ನಾಗಿತ್ತು.

ಇಲ್ಲೂ ಸಂಖ್ಯೆಯ ಪ್ರಶ್ನೆ ಬರುತ್ತೆ, ನೋಡಿ. ಅಳೆಯಬೇಕಾದದ್ದು ಓಟಗಾರ ಓಡಬಹುದಾದ ಅತಿ ಹತ್ತಿರದ ದಾರಿ, ತಿರುವಿನ ಒಳ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು. ನಾವು ಅಳೆದದ್ದು ಅರ್ಧ ರಸ್ತೆಯ ಒಳಗಿನ ಹತ್ತಿರದ ದಾರಿ. ಸಾವಿರ ಜನ ಅಂದರೆ ಪೂರ್ತಿ ರಸ್ತೆ ಬಿಡಬೇಕು. ಪೂರ್ತಿ ಬಿಟ್ಟರೆ ಜನ ಈ ತಿರುವಿನ ಒಳಗಿನಿಂದ ಆ ತಿರುವಿನ ಒಳಕ್ಕೆ ಅಡ್ಡ ಹಾಯುತ್ತಾರೆ, ನಮ್ಮ ಹತ್ತು ಕಿಲೋಮೀಟರ್ ಹತ್ತಾಗಿ ಉಳಿಯಲ್ಲ. ಮತ್ತೆ ಅಳೆಯಬೇಕು. ಅಂದಹಾಗೆ, "ನನ್ನ ವಾಚಲ್ಲಿ 10.3 ತೋರಿಸ್ತು, ನಿಮ್ಮ ದಾರಿ ತಪ್ಪು" ಅಂತ ಮೆಸೇಜ್ ಹಾಕಿದ ಎಲ್ಲರಿಗೂ ಒಂದೇ ಉತ್ತರ: ಕಣಿವೆಯಲ್ಲಿ ಜಿಪಿಎಸ್ ತೊದಲುತ್ತೆ, ನೀವೂ ಹತ್ತಿರದ ದಾರಿಯಲ್ಲಿ ಓಡಲಿಲ್ಲ, ಮೊಳೆ ಅಲ್ಲೇ ಇದೆ, ಬಂದು ನೋಡಿ.

ಬೆಟ್ಟದ ಹವಾಮಾನದ ಬಗ್ಗೆ ಒಂದೇ ಘಟನೆ ಹೇಳುತ್ತೇನೆ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ಬೆಟ್ಟಗಳ ನಡುವೆ 100 ಕಿಲೋಮೀಟರ್ ಓಟ ಇತ್ತು. ಜೋರು ಗಾಳಿ, ಆಲಿಕಲ್ಲು, ಕೊರೆಯುವ ಮಳೆ ಬಂತು. ತೆಳು ಬಟ್ಟೆಯಲ್ಲಿದ್ದ 21 ಓಟಗಾರರು ಸತ್ತರು. ಆರು ಜನರನ್ನು ಉಳಿಸಿದ್ದು ಆ ಕಡೆ ಕುರಿ ಮೇಯಿಸುತ್ತಿದ್ದ ಒಬ್ಬ ಕುರುಬ, ಗುಹೆಗೆ ಕರೆದೊಯ್ದು. ಅವತ್ತು ಓಡಿದ್ದು 172 ಜನ ಮಾತ್ರ. ಹಾಗಾಗಿ ಜನ ಕಮ್ಮಿ ಇದ್ದರೆ ಅಪಾಯ ಇಲ್ಲ ಅಂತ ನಾನು ಹೇಳೋಕೆ ಬರಲ್ಲ. ನಮ್ಮದು ಡಾಂಬರು ರಸ್ತೆ, ಹತ್ತೇ ಕಿಲೋಮೀಟರ್, ಅದಕ್ಕೂ ಇದಕ್ಕೂ ಹೋಲಿಕೆ ಇಲ್ಲ ಅಂತಲೂ ಹೇಳಬಹುದು. ಆದರೆ ತುದಿಯಲ್ಲಿ ಮಳೆ ಹಿಡಿದರೆ ಅಲ್ಲಿರುವವರನ್ನು ಎಷ್ಟು ಹೊತ್ತಲ್ಲಿ ಕೆಳಗಿಳಿಸಬಲ್ಲೆವು? ನೂರು ಜನಕ್ಕೆ ಕಂಬಳಿ, ಗಾಡಿ ಹೊಂದಿಸಬಲ್ಲೆ. ನಾನೂರು ಜನಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

"ಮೌಂಟ್ ವಾಷಿಂಗ್ಟನ್ ಓಟ ನೋಡು, ಎಷ್ಟು ವರ್ಷದಿಂದ ನಡೀತಿದೆ" ಅಂತ ಯಾರೋ ಅಂದರು. ನಡೆಯುತ್ತಿದೆ, ಅಮೆರಿಕದ ಆ ಬೆಟ್ಟದಲ್ಲಿ ಮೊದಲ ಓಟ 1936ರಲ್ಲಿ. ಸುಮಾರು 12 ಕಿಲೋಮೀಟರ್, ನೂರು ಮೀಟರಿಗೆ ಸರಾಸರಿ ಹನ್ನೆರಡು ಮೀಟರ್ ಏರು, ಉದ್ದಕ್ಕೂ ಹತ್ತೋದೇ. ಆದರೆ ಆ ರಸ್ತೆ ಹೋಗೋದು ಶಿಖರಕ್ಕೆ ಮಾತ್ರ. ಅದರಾಚೆ ಊರಿಲ್ಲ, ಯಾರ ಹಾಲಿನ ಗಾಡಿಯೂ ನಿಲ್ಲಲ್ಲ. ಅಲ್ಲೂ ಕೇಳಿದವರಿಗೆಲ್ಲ ಬಿಬ್ ಸಿಗೋದಿಲ್ಲ, ಲಾಟರಿ ಎತ್ತುತ್ತಾರೆ.

ನಮ್ಮ ದಾರಿಯ ಎರಡನೇ ತಿರುವಿನಲ್ಲಿ, ಕೋನ್ ಇಟ್ಟ ಕಡೆಗೇ, ಒಂದು ಮನೆ ಇದೆ. ಓಟಕ್ಕೆ ಒಂದು ವಾರ ಮೊದಲು ರಸ್ತೆ ಬದಿಯ ಎಲ್ಲ ಮನೆಗೂ ಹೋಗಿ ಹೇಳಿ ಬಂದಿದ್ದೆವು. ಆ ಮನೆಯ ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಓಡಿ ಮಗಾ, ಓಡಿ, ನಮ್ಮ ಗಾಡಿ ಎಷ್ಟೊತ್ತಿಗೆ ಬಿಡ್ತೀರಿ ಅದನ್ನ ಹೇಳು" ಅಂದರು. ಒಂಬತ್ತಕ್ಕೆ ಅಂದೆ. ಅವತ್ತು ಕೊನೆಯ ಕೋನ್ ಎತ್ತಿದಾಗ ಒಂಬತ್ತೂ ಹತ್ತು. ಅಜ್ಜಿ ಗೇಟಿನ ಹತ್ತಿರ ನಿಂತಿದ್ದರು, ಏನೂ ಅನ್ನಲಿಲ್ಲ, ಕೈಯಲ್ಲಿದ್ದ ಫೋನನ್ನು ನನ್ನ ಕಡೆ ತಿರುಗಿಸಿ ಟೈಮ್ ತೋರಿಸಿದರು. ಕಟ್-ಆಫ್ ಟೈಮ್, ಅಂದರೆ ಓಟ ಮುಗಿಸುವ ಗಡುವು, ಜಾಸ್ತಿ ಮಾಡಿ, ನಡೆಯುವವರಿಗೂ ಅವಕಾಶ ಕೊಡಿ ಅಂತ ಕೇಳುತ್ತಾರಲ್ಲ, ಕೊಡಬೇಕು ಅಂತ ನನಗೂ ಆಸೆ. ಜನ ಕಮ್ಮಿ ಇದ್ದು, ಅರ್ಧ ರಸ್ತೆ ಸಾಕಾದರೆ ಮಾತ್ರ ಅದು ಸಾಧ್ಯ. ಹೋದ ಸಲ ಕೊನೆಯವರ ಹಿಂದೆ ಸ್ವೀಪ್ ವ್ಯಾನು ಫಸ್ಟ್ ಗೇರಲ್ಲಿ ಹೊಗೆ ಬಿಡುತ್ತಾ ಹೋಯಿತು, ಪಾಪ, ಆ ಏರಿನಲ್ಲಿ ಹೊಗೆ ಕುಡಿದುಕೊಂಡು ನಡೆದರು. ಈ ಸಲ ವ್ಯಾನು ದೂರ ಇರಲಿ, ಜೊತೆಗೆ ಒಬ್ಬರು ಮಾತಾಡಿಕೊಂಡು ನಡೆದು ಬರಲಿ. ನಾನೇ ಬೇಕಾದರೂ ಬರುತ್ತೇನೆ.

ಜನ ಜಾಸ್ತಿ ಇದ್ದರೆ ಸ್ಪಾನ್ಸರ್ ಸಿಗುತ್ತಾರೆ ಅನ್ನೋದು ನಿಜ. ಹೋದ ಸಲ ಸಿಕ್ಕ ಒಬ್ಬರು ಗಾಳಿ ತುಂಬಿದ ಕಮಾನು ತಂದು ನಿಲ್ಲಿಸಿದರು, ಬೆಟ್ಟದ ಗಾಳಿಗೆ ಅದು ಎರಡು ಸಲ ಮಲಗಿತು. ಅಷ್ಟೇ ಹೇಳಬಲ್ಲೆ.

ಬೆಳೆಯಲೇಬಾರದು ಅಂತಲ್ಲ. ಪಾರ್ಕ್‌ರನ್ ಅನ್ನೋ ವಾರ ವಾರದ ಉಚಿತ ಓಟ ಶುರುವಾಗಿದ್ದು 2004ರಲ್ಲಿ ಲಂಡನ್ನಿನ ಒಂದು ಪಾರ್ಕಿನಲ್ಲಿ, ಓಡಿದವರು 13 ಜನ. ಇವತ್ತು ಎಷ್ಟೋ ದೇಶಗಳಲ್ಲಿದೆ. ಅದು ಅದೊಂದೇ ಪಾರ್ಕಿಗೆ ಲಕ್ಷ ಜನರನ್ನು ತುಂಬಿ ಬೆಳೆದದ್ದಲ್ಲ, ಬೇರೆ ಬೇರೆ ಕಡೆ ಚಿಕ್ಕ ಚಿಕ್ಕದಾಗಿ ಹುಟ್ಟಿಕೊಂಡಿತು. ಪಕ್ಕದ ಬೆಟ್ಟದವರು ಅವರದ್ದೊಂದು ಮಾಡಲಿ. ನಮ್ಮ ಕೋನು, ಗಡಿಯಾರ, ಸೈಕಲ್ಲು ಎಲ್ಲ ಕೊಡೋಣ, ಅಳೆಯೋಕೆ ನಾನೇ ಹೋಗುತ್ತೇನೆ.

ನಮ್ಮ ಸಂಖ್ಯೆ ಬಗ್ಗೆ ಇನ್ನು ವಾದ ಬೇಡ, ಒಂದು ಪರೀಕ್ಷೆ ಮಾಡೋಣ. ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಕಮಿಟಿಯವರೆಲ್ಲ ಬನ್ನಿ, ಮನೆಯವರನ್ನೂ ಕರೆತನ್ನಿ, ಐವತ್ತು ಜನ ಆದರೂ ಸಾಕು. ಅರ್ಧ ರಸ್ತೆಗೆ ಕೋನ್ ಇಟ್ಟು ನೀವು ನಡೆಯಿರಿ, ಇಯರ್‌ಫೋನ್ ಹಾಕಿಕೊಂಡೇ ನಡೆಯಿರಿ. ಸಾವಿರ ಮಾಡೋಣ ಅಂದ ನನ್ನ ಗೆಳೆಯ ನನ್ನ ಕಾರನ್ನು ಫಿನಿಶ್ ಲೈನಿನಿಂದ ಆ ಹೇರ್‌ಪಿನ್ ತಿರುವಿನವರೆಗೆ ತರಲಿ. ನಾನು ತಿರುವಿನಲ್ಲಿ ಸ್ಟಾಪ್‌ವಾಚ್ ಹಿಡಿದುಕೊಂಡು ಕೂತಿರುತ್ತೇನೆ.